ನಿಮ್ಮ ಊರಿನ ಬಡತನವನ್ನು ನೀವೇ ಅಳೆಯಿರಿ

ಕಟ್ಟಡ ಕೆಲಸಕ್ಕೆಂದು ಕೊಪ್ಪಳ ಕಡೆಯಿಂದ ಉಡುಪಿಗೆ ಬಂದ ಒಂದು ಕುಟುಂಬ ಇದೆ ಅಂದುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ಕೂಲಿ ಅವರ ಊರಿಗಿಂತ ಜಾಸ್ತಿ. ವಿಶ್ವಬ್ಯಾಂಕಿನ ಲೆಕ್ಕದಲ್ಲಿ ಇವರು ಕಡುಬಡವರಲ್ಲ. ಒಬ್ಬರಿಗೆ ದಿನಕ್ಕೆ 3 ಡಾಲರ್ ಎಂಬುದು 2025ರ ಜೂನ್‌ನಲ್ಲಿ ಆ ಬ್ಯಾಂಕ್ ಎಳೆದ ಗೆರೆ. (ಇದನ್ನು ಇವತ್ತಿನ ಡಾಲರ್ ದರಕ್ಕೆ ಗುಣಿಸಬೇಡಿ. ಆಯಾ ದೇಶದಲ್ಲಿ ಆ ದುಡ್ಡಿಗೆ ಏನು ಸಿಗುತ್ತದೆ ಎಂದು ನೋಡಿ ಹಾಕುವ ಲೆಕ್ಕ ಅದು. ರೂಪಾಯಿಯಲ್ಲಿ ತುಂಬಾ ಕಡಿಮೆ ಬರುತ್ತದೆ.) ಆದರೆ ಅವರಿರುವ ಶೆಡ್ಡಿನೊಳಗೆ ಇಣುಕಿದರೆ ಕತೆಯೇ ಬೇರೆ.

ಆ ಕತೆಯನ್ನು ಅಳೆಯಲೆಂದೇ 2010ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ (ಯುಎನ್‌ಡಿಪಿ) ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಬಹುಆಯಾಮ ಬಡತನ ಸೂಚ್ಯಂಕ ತಂದರು. ಹೆಸರು ಕೇಳಿ ಹೆದರಬೇಡಿ, ಇರುವುದು 10 ಪ್ರಶ್ನೆ ಅಷ್ಟೇ. ಯುವಕ ಮಂಡಲದವರು, ಸ್ವಸಹಾಯ ಸಂಘದವರು ಒಂದು ಭಾನುವಾರ ಕೂತು ಮಾಡಬಹುದು.

ಹಂತ 1: ಒಟ್ಟು 18 ಅಂಕ ಇಟ್ಟುಕೊಳ್ಳಿ. ಇಲ್ಲಿ ಅಂಕ ಜಾಸ್ತಿ ಬಂದಷ್ಟೂ ಕಷ್ಟ ಜಾಸ್ತಿ. ಆರೋಗ್ಯದ ಎರಡು, ಶಿಕ್ಷಣದ ಎರಡು ಪ್ರಶ್ನೆಗಳಿಗೆ ತಲಾ 3. ಬದುಕಿನ ಮಟ್ಟದ ಆರು ಪ್ರಶ್ನೆಗಳಿಗೆ ತಲಾ 1.

ಹಂತ 2: ಮೂರು ಅಂಕದವು. ಮನೆಯಲ್ಲಿ ಒಬ್ಬರಾದರೂ ಆರು ವರ್ಷ ಶಾಲೆ ಮುಗಿಸಿದ್ದಾರಾ? ಎಂಟನೇ ತರಗತಿವರೆಗಿನ ವಯಸ್ಸಿನ ಮಕ್ಕಳೆಲ್ಲ ಶಾಲೆಗೆ ಹೋಗುತ್ತಾರಾ? ಯಾರಿಗಾದರೂ ಅಪೌಷ್ಟಿಕತೆ ಇದೆಯಾ? ಪುಟ್ಟ ಮಕ್ಕಳದ್ದಾದರೆ ಅಂಗನವಾಡಿಯ ತೂಕದ ಚಾರ್ಟಿನಲ್ಲೇ ಸಿಗುತ್ತದೆ. ನಾಲ್ಕನೆಯದು, ಕಳೆದ ಐದು ವರ್ಷಗಳಲ್ಲಿ 18 ದಾಟದ ಮಗು ಆ ಮನೆಯಲ್ಲಿ ತೀರಿಹೋಗಿದೆಯಾ ಎಂಬುದು. ಪೆನ್ನು ಹಿಡಿದು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಇದಲ್ಲ. ಮನೆಯವರ ಪರಿಚಯ ಇರುವ ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಒಳ್ಳೆಯದು.

ಹಂತ 3: ಒಂದು ಅಂಕದವು. ಕರೆಂಟು, ಅಡುಗೆಯ ಉರುವಲು, ಶೌಚಾಲಯ, ಕುಡಿಯುವ ನೀರು, ಮನೆ, ಸಾಮಾನು (ಟಿವಿ, ಫೋನು, ಸೈಕಲ್ಲಿನಂಥವು). ನಮ್ಮ ಕಡೆ ಗೊಂದಲ ಆಗುವುದು ಇಲ್ಲೇ. ಬಚ್ಚಲ ಹಂಡೆಗೆ ಮಡಲು, ಗೆರಟೆ ಒಟ್ಟಿ ಬೆಂಕಿ ಹಾಕಿದರೆ ಅದು ಲೆಕ್ಕಕ್ಕಿಲ್ಲ, ಅಡುಗೆ ಸೌದೆಯಲ್ಲಿ ಆದರೆ ಮಾತ್ರ 1. ಹೆಂಚಿನ ಮಾಡಿಗೆ ಅಂಕ ಇಲ್ಲ, ಸೆಗಣಿ ಸಾರಿಸಿದ ಮಣ್ಣಿನ ನೆಲಕ್ಕೆ 1. ಶೌಚಾಲಯ ಇದ್ದರೂ ಬೇರೆ ಮನೆಯವರ ಜೊತೆ ಹಂಚಿಕೊಂಡಿದ್ದರೆ 1. ಮುಚ್ಚಿಗೆ ಇಲ್ಲದ ತೆರೆದ ಬಾವಿಯ ನೀರಿಗೂ 1. ಹಾಗೆ ನೋಡಿದರೆ ಸ್ಥಿತಿವಂತರ ಮನೆಗೂ ಒಂದು ಅಂಕ ಬೀಳುತ್ತದೆ ಅಲ್ವಾ? ಬೀಳಲಿ, ಒಂದು ಅಂಕದಿಂದ ಯಾರೂ ಬಡವರಾಗುವುದಿಲ್ಲ. ನೀರು ತಂದು ವಾಪಸಾಗಲು 30 ನಿಮಿಷ ಮೀರಿದರೂ 1. ಆದ್ದರಿಂದ ಮಳೆಗಾಲದಲ್ಲಿ ಅಳೆದು ಸುಮ್ನೆ ಖುಷಿಪಡಬೇಡಿ, ಬಾವಿ ಬತ್ತುವ ಏಪ್ರಿಲ್, ಮೇನಲ್ಲಿ ಹೋಗಿ.

ಹಂತ 4: ಕೂಡಿಸಿ. 6 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆ ಮನೆಯ ಎಲ್ಲರೂ ಬಡವರು. ಮೊದಲು ಹೇಳಿದ ಶೆಡ್ಡನ್ನೇ ನೋಡಿ. ಅಪ್ಪ ಅಮ್ಮ ಇಬ್ಬರೂ ನಾಲ್ಕನೇ ತರಗತಿಗೇ ಶಾಲೆ ಬಿಟ್ಟವರು, 3. ತಮ್ಮನನ್ನು ನೋಡಿಕೊಳ್ಳಲು ಉಳಿದ ಹತ್ತು ವರ್ಷದ ಮಗಳು ಶಾಲೆಗೆ ಹೋಗುತ್ತಿಲ್ಲ, 3. ಸೌದೆ ಒಲೆ, ಹಂಚಿಕೊಂಡ ಶೌಚಾಲಯ, ಟಾರ್ಪಾಲಿನ ಗೋಡೆ, ಇನ್ನೂ 3. ಒಟ್ಟು 9. ಅದೇ, ಮಣ್ಣಿನ ನೆಲದ, ಸೌದೆ ಒಲೆಯ ಹಳೇ ಹೆಂಚಿನ ಮನೆಯಲ್ಲಿ ಮಗಳು ಪಿಯುಸಿ ಓದುತ್ತಿದ್ದು ಉಳಿದದ್ದೆಲ್ಲ ಸರಿಯಿದ್ದರೆ, ಅಲ್ಲಿಗೆ ಬರುವುದು 2 ಮಾತ್ರ.

ನಮ್ಮ ನೀತಿ ಆಯೋಗ ಇದಕ್ಕೆ ತಾಯಂದಿರ ಆರೋಗ್ಯ, ಬ್ಯಾಂಕ್ ಖಾತೆ ಎರಡನ್ನೂ ಸೇರಿಸಿ 12 ಪ್ರಶ್ನೆ ಮಾಡಿಕೊಂಡಿದೆ. 2015-16ರಲ್ಲಿ ಶೇ 24.85 ಇದ್ದ ದೇಶದ ಬಡತನ 2019-21ಕ್ಕೆ ಶೇ 14.96ಕ್ಕೆ ಇಳಿಯಿತು ಎಂಬ ಅದರ ಲೆಕ್ಕ ಬಂದದ್ದು ಹೀಗೆ. ಎಲ್ಲ ಬಗೆಯ ಬಡತನವನ್ನೂ 2030ರೊಳಗೆ ಕನಿಷ್ಠ ಅರ್ಧಕ್ಕೆ ಇಳಿಸುತ್ತೇವೆ ಎಂದು 2015ರಲ್ಲಿ ವಿಶ್ವಸಂಸ್ಥೆಯಲ್ಲಿ 193 ದೇಶಗಳು ಒಪ್ಪಿವೆ. ಆದರೆ ಈ ಪಟ್ಟಿಯಲ್ಲಿ ಸಾಲದ ಪ್ರಶ್ನೆಯೇ ಇಲ್ಲ. ನನಗೆ ಅದು ದೊಡ್ಡ ಕೊರತೆ ಎನಿಸುತ್ತದೆ.

ಹಂತ 5: ಗ್ರಾಮ ಸಭೆಗೆ ಅಂಕದ ಪಟ್ಟಿ ಒಯ್ಯಬೇಡಿ, ಯಾರ ಮನೆಯ ಹೆಸರನ್ನೂ ಓದಬೇಡಿ. ‘ಇಷ್ಟು ಮನೆಗೆ ಶೌಚಾಲಯ ಇಲ್ಲ, ಇಷ್ಟು ಮಕ್ಕಳು ಶಾಲೆಯ ಹೊರಗಿದ್ದಾರೆ’ ಎಂದು ಬಿಡಿಬಿಡಿಯಾಗಿ ಹೇಳಿ. ಒಂದೊಂದು ಕೊರತೆಗೂ ಒಂದೊಂದು ಇಲಾಖೆ ಇರುತ್ತದೆ. ಶಾಲೆ ಬಿಟ್ಟ ಮಗುವಿನ ವಿಷಯ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರಿಗೆ ಅಂದೇ ತಿಳಿಸಿ, ಸಭೆಗೆ ಕಾಯಬೇಡಿ. ಇನ್ನು ಗ್ಯಾಸಿಗೆ ವಿಳಾಸದ ದಾಖಲೆ ಇಲ್ಲ ಎಂದು ವಲಸೆ ಬಂದವರು ಸುಮ್ಮನಾಗುತ್ತಾರೆ. 2021ರಲ್ಲಿ ಬಂದ ಉಜ್ವಲಾ 2.0ರಲ್ಲಿ ಅವರ ಸ್ವಯಂ ಘೋಷಣೆಯನ್ನೇ ವಿಳಾಸದ ದಾಖಲೆಯಾಗಿ ಒಪ್ಪುವ ನಿಯಮ ಇದೆ. ಅರ್ಜಿ ಹಾಕುವಾಗ ಏಜೆನ್ಸಿಯಲ್ಲಿ ಅದನ್ನೇ ಹೇಳಿ ಕೇಳಿ.