ಐಇಟಿಎಫ್ ಸ್ಟ್ಯಾಂಡರ್ಡ್ ಬಗ್ಗೆ ನೀವೂ ಮಾತಾಡಬಹುದು, ಹೇಗೆ ಅಂತ ನೋಡಿ

ಇಂಟರ್ನೆಟ್‌ನಲ್ಲಿ ಡೇಟಾ ಸಾಗಿಸೋ ಟಿಸಿಪಿ, ವೆಬ್ ಪುಟ ತರೋ ಎಚ್‌ಟಿಟಿಪಿ, ಇಮೇಲ್ ಇವುಗಳ ಸ್ಟ್ಯಾಂಡರ್ಡ್ (ಎಲ್ರೂ ಪಾಲಿಸೋ ತಾಂತ್ರಿಕ ನಿಯಮ) ನೋಡ್ಕೊಳ್ಳೋ ಐಇಟಿಎಫ್, ಅಂದ್ರೆ ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್‌ಗೆ ಮೆಂಬರ್‌ಶಿಪ್ಪೇ ಇಲ್ಲ, 1986ರಲ್ಲಿ ಶುರುವಾಗಿದ್ದು, ಮೇಲಿಂಗ್ ಲಿಸ್ಟಿಗೆ ಸೇರೋಕೆ ದುಡ್ಡೂ ಕೊಡ್ಬೇಕಾಗಿಲ್ಲ. ಆದ್ರೂ ದಿನಾ ಕೋಡ್ ಬರೆಯೋರೇ ಇದು ನಮಗಲ್ಲ ಅಂತ ದೂರ ಇರ್ತಾರೆ, ನಂಗೆ ಅದೇ ಬೇಜಾರು.

ಮೊದ್ಲು ವಿಷಯ ಯಾರದ್ದು ಅಂತ ಗೊತ್ತು ಮಾಡ್ಕೊಳಿ. ಡೊಮೇನ್ ಹೆಸರಿನ ಪಾಲಿಸಿ ಐಕ್ಯಾನ್ ಅನ್ನೋ ಸಂಸ್ಥೆದು, ಐಪಿ ಅಡ್ರೆಸ್ ಹಂಚೋದು ಐದು ರೀಜನಲ್ ರಿಜಿಸ್ಟ್ರಿಗಳು, ವೆಬ್ ಪುಟದ ಅಂದ ನೋಡ್ಕೊಳ್ಳೋ ಸಿಎಸ್‌ಎಸ್ ಡಬ್ಲ್ಯೂ3ಸಿ ಅನ್ನೋ ಸಂಸ್ಥೆದು. ಅಲ್ಲಿಯ ವಿಷಯನ ಇಲ್ಲಿ ಎತ್ತಿದ್ರೆ ಟೈಮ್ ವೇಸ್ಟ್.

ಆಮೇಲೆ ಆರ್‌ಎಫ್‌ಸಿ, ಅಂದ್ರೆ ಸ್ಟ್ಯಾಂಡರ್ಡ್‌ಗಳು ಪಬ್ಲಿಷ್ ಆಗೋ ನಂಬರ್ ಇರೋ ದಾಖಲೆ, ತೆಗೀರಿ, ತೆಗೆದ ತಕ್ಷಣ ಓದೋಕೆ ಶುರು ಮಾಡ್ಬೇಡಿ, ಅದನ್ನ ಪಬ್ಲಿಷ್ ಮಾಡೋ ಆರ್‌ಎಫ್‌ಸಿ ಎಡಿಟರ್ ಸೈಟಿನಲ್ಲಿ ಅದು ರದ್ದಾಗಿದ್ಯಾ, ಯಾವ ವರ್ಗದ್ದು ಅಂತ ಮೊದ್ಲು ನೋಡಿ. ಎಚ್‌ಟಿಟಿಪಿಗೆ ಇನ್ನೂ ಎಷ್ಟೋ ಜನ 1999ರ ಆರ್‌ಎಫ್‌ಸಿ 2616 ತೋರಿಸ್ತಾರೆ, ಅದು 2014ರಲ್ಲೇ ರದ್ದಾಯ್ತು, ಈಗ ನೋಡ್ಬೇಕಾಗಿರೋದು 2022ರ 9110. ಇನ್ಫರ್ಮೇಷನಲ್ ಅಥವಾ ಎಕ್ಸ್‌ಪೆರಿಮೆಂಟಲ್ ಅಂತ ಇದ್ರೆ ಅದು ಸ್ಟ್ಯಾಂಡರ್ಡೇ ಅಲ್ಲ. ಒಳಗೆ ದೊಡ್ಡಕ್ಷರದಲ್ಲಿ 'ಮಸ್ಟ್' ಅಂತಿದ್ರೆ ಮಾಡ್ಲೇಬೇಕು, 'ಶುಡ್' ಅಂದ್ರೆ ಗಟ್ಟಿ ಕಾರಣ ಇದ್ರೆ ಮಾತ್ರ ಬಿಡಬಹುದು.

ಸ್ಟ್ಯಾಂಡರ್ಡ್ ಇನ್ನೂ ಡ್ರಾಫ್ಟ್ (ಕರಡು) ಹಂತದಲ್ಲಿದ್ರೆ ನಿಮ್ಮ ಮಾತಿಗೆ ನಿಜವಾದ ಬೆಲೆ ಇರೋದು ಆಗ್ಲೇ. ಐಇಟಿಎಫ್‌ನ ಡೇಟಾಟ್ರ್ಯಾಕರ್ ಸೈಟಿನಲ್ಲಿ ಆ ಡ್ರಾಫ್ಟ್ ಮೇಲೆ ಕೆಲಸ ಮಾಡ್ತಿರೋ ವರ್ಕಿಂಗ್ ಗ್ರೂಪ್ ಹುಡುಕಿ, ಅದರ ಕೆಲಸ ಏನು ಅಂತ ಹೇಳೋ ಚಾರ್ಟರ್ ಓದಿ, ಹಳೇ ಮೇಲ್‌ಗಳನ್ನೂ ನೋಡಿ, ಯಾಕಂದ್ರೆ ನಿಮ್ಮ ಪ್ರಶ್ನೆ ಆಗ್ಲೇ ಯಾರಾದ್ರೂ ಕೇಳಿ ಉತ್ತರ ಸಿಕ್ಕಿರೋ ಚಾನ್ಸ್ ಜಾಸ್ತಿ. ಆ ಗ್ರೂಪಿನ ಮೇಲಿಂಗ್ ಲಿಸ್ಟಿಗೆ ಬರೆಯೋವಾಗ "ಇದು ಸರಿ ಇಲ್ಲ" ಅಂತ ನಿಲ್ಲಿಸ್ಬೇಡಿ, ಯಾವ ಸೆಕ್ಷನ್, ಈಗಿರೋ ವಾಕ್ಯ ಏನು, ಅದನ್ನ ಫಾಲೋ ಮಾಡಿದ್ರೆ ಏನ್ ಒಡೆಯುತ್ತೆ, ಅದರ ಬದಲು ಯಾವ ವಾಕ್ಯ ಹಾಕ್ಬೇಕು, ಇಷ್ಟೂ ಕೊಡಿ. ಕೋಡ್ ಬರೆದು ಟೆಸ್ಟ್ ಮಾಡಿದ್ರೆ ಅದನ್ನೂ ಹೇಳಿ, ಅಂಥ ಮಾತಿಗೆ ತೂಕ ಜಾಸ್ತಿ.

ಇಲ್ಲಿ ಓಟಿಂಗ್ ಇಲ್ಲ. ಮೀಟಿಂಗ್‌ಗಳಲ್ಲಿ ಕೈ ಎತ್ತೋ ಬದಲು ಬಾಯಿ ಮುಚ್ಚಿ "ಹೂಂ" ಅಂತ ಗುಂಯ್‌ಗುಡಿಸಿ ಅಭಿಪ್ರಾಯದ ಅಂದಾಜು ತಗೊಳೋ ಪದ್ಧತಿ ಹಿಂದಿನಿಂದ ಬಂದಿದೆ, ಈಗ ಆನ್‌ಲೈನ್‌ನಲ್ಲಿ ಕೈ ಎತ್ತೋ ಟೂಲನ್ನೂ ಬಳಸ್ತಾರೆ, ಕೊನೇ ತೀರ್ಮಾನ ಮಾತ್ರ ಮೇಲಿಂಗ್ ಲಿಸ್ಟಿನಲ್ಲೇ ಖಾತ್ರಿ ಆಗ್ಬೇಕು. ಅದಕ್ಕೇ ಹತ್ತು ಜನ ಸೇರ್ಕೊಂಡು ಬರೀ ಪ್ಲಸ್ ಒನ್ (ನಂದೂ ಅದೇ ಅಭಿಪ್ರಾಯ ಅಂತ) ಹಾಕಿದ್ರೆ ಪ್ರಯೋಜನ ಇಲ್ಲ, ಉತ್ತರ ಕೊಡದೇ ಬಿಡೋಕಾಗದ ಒಂದು ಟೆಕ್ನಿಕಲ್ ಆಕ್ಷೇಪಣೆ ಸಾಕು. ಹಾಂ, ನೀವು ಹೇಳೋ ಐಡಿಯಾಗೆ ನಿಮ್ದೇ ಅಥವಾ ನಿಮ್ಮ ಕಂಪನಿದೇ ಪೇಟೆಂಟ್ ಇರೋದು ಗೊತ್ತಿದ್ರೆ ಅದನ್ನ ತಿಳಿಸಲೇಬೇಕು, ಈ ನಿಯಮಗಳಿರೋ 'ನೋಟ್ ವೆಲ್' ಅನ್ನೋ ಪುಟ ಓದ್ಕೊಂಡೇ ಸೇರಿ.

ಒಮ್ಮೆ ಪಬ್ಲಿಷ್ ಆದ ಆರ್‌ಎಫ್‌ಸಿಯ ಮಾತು ಬದಲಾಗಲ್ಲ. ಅದ್ರಲ್ಲಿ ತಪ್ಪು ಕಂಡ್ರೆ ಆರ್‌ಎಫ್‌ಸಿ ಎಡಿಟರ್ ಸೈಟಿನಲ್ಲಿ ಎರ್ರಾಟಾ (ತಪ್ಪು ತೋರಿಸೋ ಟಿಪ್ಪಣಿ) ಹಾಕಿ. ಹೊಸ ಐಡಿಯಾ ಇದ್ರೆ ಎರ್ರಾಟಾದಲ್ಲಿ ತುರುಕ್ಬೇಡಿ, ರಿಜೆಕ್ಟ್ ಆಗುತ್ತೆ, ಅದಕ್ಕೆ ಬೇರೆ ಡ್ರಾಫ್ಟೇ ಬರೀಬೇಕು. ಡ್ರಾಫ್ಟಿಗೆ ಆರು ತಿಂಗಳು ಆಯಸ್ಸು, ಅಷ್ಟರಲ್ಲಿ ಹೊಸ ವರ್ಷನ್ ಹಾಕಿ.