ಹಾಡೋಕೆ ಯಾವ ಹೆಡ್‌ಫೋನ್, ಮಿಕ್ಸ್ ಮಾಡೋಕೆ ಯಾವ್ದು?

ಮನೇಲಿ ರೆಕಾರ್ಡಿಂಗ್ ಶುರು ಮಾಡೋರು ಮೈಕಿಗೆ, ಇಂಟರ್‌ಫೇಸಿಗೆ (ಮೈಕನ್ನ ಕಂಪ್ಯೂಟರಿಗೆ ಜೋಡಿಸೋ ಪೆಟ್ಟಿಗೆ) ಅಂತ ದುಡ್ಡು ಸುರೀತಾರೆ, ಆಮೇಲೆ ಮಿಕ್ಸ್ ಮಾಡೋಕೆ (ರೆಕಾರ್ಡ್ ಆದ ಟ್ರ್ಯಾಕುಗಳನ್ನೆಲ್ಲ ಹದವಾಗಿ ಸೇರಿಸೋಕೆ) ಮಾತ್ರ ಫೋನಿಗೆ ಹಾಕ್ಕೊಳ್ಳೋ ಇಯರ್‌ಫೋನೇ ಸಾಕು ಅಂದ್ಕೊಳ್ತಾರೆ. ಸಾಕಾಗಲ್ಲ.

ಮೊದಲು ಕೆಲಸ ಯಾವ್ದು ಅಂತ ತೀರ್ಮಾನಿಸಿ. ಹಾಡೋಕಾದ್ರೆ ಕ್ಲೋಸ್ಡ್ ಬ್ಯಾಕೇ ಬೇಕು, ಅಂದ್ರೆ ಕಿವಿ ಮೇಲಿನ ಕಪ್ಪಿನ ಹಿಂಭಾಗ ಮುಚ್ಚಿರೋದು. ಕಿವೀಲಿ ತಂಬೂರಿ ಟ್ರ್ಯಾಕು, ಕ್ಲಿಕ್ಕು (ತಾಳ ಹಿಡಿಯೋಕೆ ಹಾಕೋ ಸದ್ದು) ಓಡ್ತಿರುತ್ತಲ್ಲ, ಅದು ಹೊರಗೆ ಸೋರಿ ಮೈಕಿಗೆ ಬಿದ್ರೆ ಆಗ ಗೊತ್ತಾಗಲ್ಲ, ಜೋರು ಸದ್ದಿಗೂ ಮೆಲ್ಲಗಿನ ಸದ್ದಿಗೂ ಇರೋ ವ್ಯತ್ಯಾಸ ಕಮ್ಮಿ ಮಾಡೋ ಕಂಪ್ರೆಸರ್ ಹಾಕಿದ ಮೇಲೆ ಸಾಲು ಸಾಲಿನ ಮಧ್ಯೆ ಟಿಕ್ ಟಿಕ್ ಅಂತ ಎದ್ದು ಕೇಳುತ್ತೆ. ತಗೊಂಡ ತಕ್ಷಣ ಹಾಕ್ಕೊಂಡು, ಕ್ಲಿಕ್ ಆನ್ ಮಾಡಿ, ಮೈಕ್ ಮುಂದೆ ಅರ್ಧ ನಿಮಿಷ ಸುಮ್ನೆ ಕೂತು ರೆಕಾರ್ಡ್ ಮಾಡಿ, ಆಮೇಲೆ ವಾಲ್ಯೂಮ್ ಏರಿಸಿ ಕೇಳಿ. ಸೋನಿ ಎಂಡಿಆರ್-7506 1991ರಿಂದ ಸ್ಟುಡಿಯೋಗಳಲ್ಲಿ ಇದೆ, ಆದ್ರೆ ಅದರ ಸುರುಳಿ ವೈರ್ ಬಿಚ್ಚೋಕಾಗಲ್ಲ. ಆಡಿಯೋ ಟೆಕ್ನಿಕಾ ಎಂ50ಎಕ್ಸ್‌ದು ಬಿಚ್ಚಬಹುದು, ವೈರ್ ಹೋದ್ರೆ ಅಷ್ಟೇ ಬದಲಾಯಿಸಿದ್ರಾಯ್ತು.

ಮಿಕ್ಸಿಂಗಿಗೆ ಓಪನ್ ಬ್ಯಾಕ್ (ಕಪ್ಪಿನ ಹಿಂಭಾಗ ತೆರೆದಿರೋದು) ಒಳ್ಳೇದು, ಸೌಂಡ್ ತಲೆಯೊಳಗೆ ಒತ್ತಿದ ಹಾಗಿರಲ್ಲ. ಸೆನ್‌ಹೈಸರ್ ಎಚ್‌ಡಿ 600 ಈ ಥರದ್ದು. ಆದ್ರೆ ಹೊರಗಿನ ಸದ್ದೂ ಒಳಗೆ ಬರುತ್ತೆ, ಫ್ಯಾನು, ಕುಕ್ಕರ್ ಸೀಟಿ ಎಲ್ಲಾ ಕೇಳೋ ರೂಮಲ್ಲಿ ಇದ್ರಿಂದ ಏನು ಪ್ರಯೋಜನ? ಒಂದೇ ತಗೊಳ್ಳೋ ಹಾಗಿದ್ರೆ ನನ್ನ ಓಟು ಕ್ಲೋಸ್ಡ್‌ಗೇ.

ಆಮೇಲೆ ಓಮ್ (ಹೆಡ್‌ಫೋನಿನ ವಿದ್ಯುತ್ ತಡೆಯ ಅಳತೆ) ನೋಡಿ, ಜನ ಎಡವೋದು ಇಲ್ಲೇ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೋ 32, 80, 250 ಓಮ್‌ಗಳಲ್ಲಿ ಬರುತ್ತೆ, ನಂಬರ್ ದೊಡ್ಡದು ಅಂದ್ರೆ ಕ್ವಾಲಿಟಿ ಜಾಸ್ತಿ ಅಂದ್ಕೊಂಡು 250 ತಗೊಂಡು ಲ್ಯಾಪ್‌ಟಾಪಿಗೆ ಚುಚ್ಚಿದ್ರೆ ವಾಲ್ಯೂಮ್ ಪೂರ್ತಿ ಏರಿಸಿದ್ರೂ ಸೌಂಡ್ ಸಾಲದೇ ಹೋಗಬಹುದು. ಲ್ಯಾಪ್‌ಟಾಪ್, ಫೋನಿಗೆ 32, ಸಾಧಾರಣ ಇಂಟರ್‌ಫೇಸ್ ಇದ್ರೆ 80.

ಬ್ಲೂಟೂತ್ ಬೇಡವೇ ಬೇಡ, ಸೌಂಡ್ ತಡವಾಗಿ ಬರುತ್ತೆ, ತಾಳಕ್ಕೆ ಸರಿಯಾಗಿ ಹಾಡೋಕಾಗಲ್ಲ. 'ಎಕ್ಸ್‌ಟ್ರಾ ಬಾಸ್' ಅಂತ ಬರೆದಿರೋದೂ ಬೇಡ, ಹೆಡ್‌ಫೋನೇ ಬಾಸ್ ಏರಿಸಿ ಕೊಟ್ರೆ ನೀವು ಮಿಕ್ಸಲ್ಲಿ ಇಳಿಸ್ತೀರಿ, ಬೇರೆ ಕಡೆ ಕೇಳಿದ್ರೆ ಹಾಡು ತೆಳ್ಳಗಿರುತ್ತೆ.

ಕನ್ನಡಕ ಹಾಕೋರು ಅಂಗಡೀಲಿ ಕನ್ನಡಕದ ಜೊತೆಗೇ ಹತ್ತು ನಿಮಿಷ ಹಾಕ್ಕೊಂಡು ನೋಡಿ. ಪ್ಯಾಡ್ ಬೇರೆ ಸಿಗುತ್ತಾ ಕೇಳಿ, ಬೆವರಿಗೆ ಮೊದಲು ಹೋಗೋದೇ ಅದು.

ತಂದ ಮೇಲೆ ನಿಮಗೆ ಚೆನ್ನಾಗಿ ಗೊತ್ತಿರೋ ಹಾಡುಗಳನ್ನ ಅದರಲ್ಲಿ ಒಂದು ವಾರ ಕೇಳಿ, ಆಮೇಲೆ ಮಿಕ್ಸ್ ಮಾಡಿ. ಹೆಡ್‌ಫೋನಲ್ಲಿ ಎಡಗಡೆ ಸೌಂಡ್ ಬಲಗಿವಿಗೆ ಹೋಗೋದೇ ಇಲ್ಲ, ಹಾಗಾಗಿ ಪ್ಯಾನಿಂಗ್ (ಸೌಂಡನ್ನ ಎಡಕ್ಕೆ, ಬಲಕ್ಕೆ ಹಂಚೋದು) ಇರೋದಕ್ಕಿಂತ ಅಗಲವಾಗಿ ಕೇಳುತ್ತೆ. ಫೈನಲ್ ಮಾಡೋಕೆ ಮುಂಚೆ ಕಾರಲ್ಲಿ, ಫೋನ್ ಸ್ಪೀಕರಲ್ಲಿ ಒಂದ್ಸಲ ಹಾಕಿ ನೋಡಿ.