ಆಫೀಸಿನ ಸರ್ವರ್‌ಗೆ ಸರ್ಟಿಫಿಕೇಟ್: ಕೊಳ್ಳಬೇಕಾ, ನಾವೇ ಮಾಡ್ಕೊಂಡ್ರೆ ಸಾಕಾ?

ಒಂದು ಆಡಿಟರ್ ಆಫೀಸು ಅಂದುಕೊಳ್ಳಿ. ಐದಾರು ಕಂಪ್ಯೂಟರ್, ಮೂಲೆಯಲ್ಲಿ ಕ್ಲೈಂಟ್‌ಗಳ ಫೈಲುಗಳನ್ನೆಲ್ಲ ಇಡುವ ಒಂದು ನ್ಯಾಸ್, ಅಂದರೆ ನೆಟ್‌ವರ್ಕ್ ಮೂಲಕ ಎಲ್ಲರೂ ಬಳಸುವ ಸ್ಟೋರೇಜ್ ಪೆಟ್ಟಿಗೆ. ಬ್ರೌಸರ್‌ನಲ್ಲಿ 192.168.1.50 ಅಂತ ಹೊಡೆದರೆ ಲಾಗಿನ್ ಪುಟಕ್ಕಿಂತ ಮೊದಲು ಕೆಂಪು ಎಚ್ಚರಿಕೆ ಬರುತ್ತದೆ: ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’. ಎಲ್ಲರೂ ‘ಅಡ್ವಾನ್ಸ್ಡ್’ ಒತ್ತಿ, ‘ಪ್ರೊಸೀಡ್’ ಒತ್ತಿ ಒಳಗೆ ಹೋಗುತ್ತಾರೆ. ಅಭ್ಯಾಸವಾಗಿಬಿಟ್ಟಿದೆ. ನಿಜವಾದ ಅಪಾಯ ಇರುವುದೇ ಅಲ್ಲಿ. ನಾಳೆ ಯಾರೋ ನಡುವೆ ನುಸುಳಿ ನಕಲಿ ಲಾಗಿನ್ ಪುಟ ತೋರಿಸಿದರೂ ಇವರು ಅದೇ ಎರಡು ಬಟನ್ ಒತ್ತುತ್ತಾರೆ.

ಈ ಎಚ್ಚರಿಕೆ ಬರುವುದು ನ್ಯಾಸ್ ತೋರಿಸುವ ಸರ್ಟಿಫಿಕೇಟನ್ನು, ಅಂದರೆ ‘ನಾನು ಇಂಥ ಸರ್ವರ್’ ಅಂತ ಹೇಳುವ ಡಿಜಿಟಲ್ ಗುರುತಿನ ಚೀಟಿಯನ್ನು, ಬ್ರೌಸರ್ ನಂಬದೇ ಇರುವುದರಿಂದ. ಹಾಗಾದರೆ ದುಡ್ಡು ಕೊಟ್ಟು ಸರ್ಟಿಫಿಕೇಟ್ ತರೋಣ ಅಂದರೆ, ಈ ವಿಳಾಸಕ್ಕೆ ಯಾವ ಕಂಪನಿಯೂ ಕೊಡುವಂತಿಲ್ಲ. 192.168ರಿಂದ ಶುರುವಾಗುವ ವಿಳಾಸಗಳು ಊರ ತುಂಬ ಮನೆ, ಆಫೀಸುಗಳಲ್ಲಿವೆ. ಅದು ನಿಮ್ಮದೇ ಅಂತ ಹೊರಗಿನವರು ಹೇಗೆ ಖಾತ್ರಿ ಮಾಡೋದು?

ವ್ಯತ್ಯಾಸ ಇಷ್ಟೇ. ಕೊಂಡ ಸರ್ಟಿಫಿಕೇಟ್ ಅಂದರೆ ಗೆಜೆಟೆಡ್ ಅಧಿಕಾರಿ ಸೀಲು ಹಾಕಿದ ಜೆರಾಕ್ಸ್. ನಾವೇ ಮಾಡಿಕೊಂಡದ್ದು ಸೆಲ್ಫ್ ಅಟೆಸ್ಟ್ ಮಾಡಿದ ಜೆರಾಕ್ಸ್. ಮಾಹಿತಿಯನ್ನು ಗುಟ್ಟಾಗಿಡುವ ಬಲದಲ್ಲಿ ಎರಡೂ ಒಂದೇ. ‘ಇವರು ಇವರೇ’ ಅಂತ ಹೇಳುವವರು ಯಾರು ಅನ್ನೋದಷ್ಟೇ ಬೇರೆ.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ್ದು: ಈ ಪುಟ ತೆರೆಯುವವರು ಯಾರು? ಅವರ ಕಂಪ್ಯೂಟರ್, ಫೋನು ನಿಮ್ಮ ಕೈಗೆ ಸಿಗುತ್ತವೆಯಾ? ಸಿಗುತ್ತವೆ ಅಂದರೆ ಸ್ವಂತ ಸರ್ಟಿಫಿಕೇಟ್ ಸಾಕು. ನ್ಯಾಸ್, ಸಿಸಿಟಿವಿ ರೆಕಾರ್ಡರ್, ರೂಟರ್, ಕಾಲೇಜು ಲ್ಯಾಬಿನ ಟೆಸ್ಟ್ ಸರ್ವರ್ ಎಲ್ಲ ಈ ಲೆಕ್ಕಕ್ಕೆ ಬರುತ್ತವೆ.

ಗುರುತು ಪರಿಚಯ ಇಲ್ಲದ ಗಿರಾಕಿಗಳು ಬರುವ ವೆಬ್‌ಸೈಟ್ ಆದರೆ ಸ್ವಂತದ್ದು ಬೇಡವೇ ಬೇಡ. ಹಾಗಂತ ದುಡ್ಡು ಸುರಿಯಬೇಕಾಗಿಯೂ ಇಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ 2015ರಿಂದ ಪುಕ್ಕಟೆ ಕೊಡುತ್ತಿದೆ, ತಾನಾಗಿಯೇ ರಿನ್ಯೂ ಆಗುವಂತೆಯೂ ಮಾಡಿಕೊಳ್ಳಬಹುದು. ಸ್ವಂತ ಡೊಮೇನ್ (ವೆಬ್‌ಸೈಟಿನ ಹೆಸರು) ಇದ್ದರೆ, ಹೆಸರು-ವಿಳಾಸಗಳ ಪಟ್ಟಿಯಾದ ಡಿಎನ್‌ಎಸ್‌ನಲ್ಲಿ ಒಂದು ದಾಖಲೆ ಸೇರಿಸಿ, ಒಳಗಿನ ನ್ಯಾಸ್‌ಗೂ ಅದೇ ಡೊಮೇನಿನ ಹೆಸರಲ್ಲಿ ಅಲ್ಲಿಂದಲೇ ಪಡೆಯಬಹುದು. ಕಂಪನಿಯ ದಾಖಲೆಗಳನ್ನೂ ಪರಿಶೀಲಿಸಿ ಕೊಡುವ ದುಬಾರಿ ಇವಿ (ಎಕ್ಸ್‌ಟೆಂಡೆಡ್ ವ್ಯಾಲಿಡೇಶನ್) ಸರ್ಟಿಫಿಕೇಟ್ ಹಾಕಿದರೆ ಹಿಂದೆ ಅಡ್ರೆಸ್ ಬಾರ್‌ನಲ್ಲಿ ಕಂಪನಿ ಹೆಸರು ಹಸಿರಾಗಿ ಕಾಣುತ್ತಿತ್ತು. ಕ್ರೋಮ್, ಫೈರ್‌ಫಾಕ್ಸ್ ಎರಡೂ 2019ರಲ್ಲೇ ಅದನ್ನು ತೆಗೆದವು. ದೊಡ್ಡ ಗಿರಾಕಿಯೋ ಟೆಂಡರೋ ಕೇಳಿದರೆ ಕೊಳ್ಳಿ, ಇಲ್ಲದಿದ್ದರೆ ಸುಮ್ನೆ ಖರ್ಚು.

ಈಗ ಸ್ವಂತದ್ದನ್ನು ಮಾಡುವ ಕೆಲಸ. ಒಂದೊಂದು ಯಂತ್ರಕ್ಕೂ ಬಿಡಿಬಿಡಿಯಾಗಿ ಮಾಡಲು ಹೋಗಬೇಡಿ. ಮೊದಲು ಆಫೀಸಿಗೊಂದು ‘ರೂಟ್’ ಸರ್ಟಿಫಿಕೇಟ್ ಮಾಡಿ, ಉಳಿದವಕ್ಕೆಲ್ಲ ಅದರಿಂದ ಸಹಿ ಹಾಕಿಸಿ. ಕಮಾಂಡ್ ಟೈಪಿಸುವ ಅಭ್ಯಾಸ ಇದ್ದವರಿಗೆ ಓಪನ್‌ಎಸ್‌ಎಸ್‌ಎಲ್ ಇದೆ. ಇಲ್ಲದವರಿಗೆ ಎಕ್ಸ್‌ಸಿಎ ಅನ್ನುವ ಉಚಿತ ಸಾಫ್ಟ್‌ವೇರ್ ಸುಲಭ. ಅದರಲ್ಲಿ ಹೊಸ ಡೇಟಾಬೇಸ್ ತೆರೆದು ಗಟ್ಟಿ ಪಾಸ್‌ವರ್ಡ್ ಕೊಡಿ. ‘ಸಿಎ’ (ಸರ್ಟಿಫಿಕೇಟ್ ಅಥಾರಿಟಿ, ಅಂದರೆ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವವರು) ಟೆಂಪ್ಲೇಟ್ ಆರಿಸಿ ರೂಟ್ ತಯಾರಿಸಿ.

ಆಮೇಲೆ ನ್ಯಾಸ್‌ಗೆ ಎರಡನೆಯದು. ಜಾಸ್ತಿ ಜನ ಎಡವುವುದು ಇಲ್ಲೇ. ‘ಕಾಮನ್ ನೇಮ್’ ಜಾಗದಲ್ಲಿ ಹೆಸರು ತುಂಬಿದರೆ ಸಾಲದು. ಕ್ರೋಮ್ 2017ರಿಂದ ಆ ಜಾಗವನ್ನು ನೋಡುವುದೇ ಇಲ್ಲ. ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ ಅಂತ ಇರುತ್ತದೆ, ನ್ಯಾಸ್‌ನ ಹೆಸರು, ಐಪಿ ವಿಳಾಸ ಎರಡನ್ನೂ ಅಲ್ಲಿ ಹಾಕಿ. ರೂಟರ್‌ನಲ್ಲಿ ಆ ಐಪಿ ಬದಲಾಗದಂತೆ ರಿಸರ್ವ್ ಮಾಡಿಡಿ. ಅವಧಿಯನ್ನು 825 ದಿನಕ್ಕಿಂತ ಕಡಿಮೆ ಇಡಿ, ಜಾಸ್ತಿಯಾದರೆ ಐಫೋನ್ ಒಪ್ಪುವುದಿಲ್ಲ.

ಈ ಸರ್ಟಿಫಿಕೇಟ್ ಮತ್ತು ಅದರ ಕೀ (ಜೊತೆಗೇ ತಯಾರಾಗುವ, ಗುಟ್ಟಾಗಿಡಬೇಕಾದ ಫೈಲು) ಎರಡನ್ನೂ ನ್ಯಾಸ್‌ಗೆ ಹಾಕಿ. ಸಿಬ್ಬಂದಿಯ ಕಂಪ್ಯೂಟರ್‌ಗಳಿಗೆ ಹೋಗಬೇಕಾದ್ದು ರೂಟ್ ಸರ್ಟಿಫಿಕೇಟ್ ಮಾತ್ರ, ಯಾವ ಕೀಯೂ ಅಲ್ಲ. ವಿಂಡೋಸ್‌ನಲ್ಲಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡುವಾಗ ಎಲ್ಲಿಡಬೇಕು ಅಂತ ಅದೇ ತೀರ್ಮಾನಿಸಲು ಬಿಡಬೇಡಿ, ‘ಟ್ರಸ್ಟೆಡ್ ರೂಟ್ ಸರ್ಟಿಫಿಕೇಶನ್ ಅಥಾರಿಟೀಸ್’ ಅನ್ನುವುದನ್ನು ನೀವೇ ಆರಿಸಿ. ಐಫೋನ್‌ನಲ್ಲಿ ಈ ರೂಟ್ ‘ಪ್ರೊಫೈಲ್’ ಆಗಿ ಬರುತ್ತದೆ, ಅದನ್ನು ಹಾಕಿದ ಮೇಲೂ ‘ಸರ್ಟಿಫಿಕೇಟ್ ಟ್ರಸ್ಟ್ ಸೆಟಿಂಗ್ಸ್’ಗೆ ಹೋಗಿ ಸ್ವಿಚ್ ಆನ್ ಮಾಡಬೇಕು. ಆಂಡ್ರಾಯ್ಡ್‌ನಲ್ಲಿ ಕ್ರೋಮ್ ಒಪ್ಪಿಕೊಂಡರೂ ನ್ಯಾಸ್‌ನ ಆ್ಯಪ್ ತಕರಾರು ತೆಗೆಯಬಹುದು. ಆಂಡ್ರಾಯ್ಡ್ 7ರಿಂದ ಈಚೆಗೆ ನಾವು ಹಾಕಿದ ರೂಟನ್ನು ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ.

ರೂಟ್‌ನ ಕೀ ಮಾತ್ರ ಜೋಪಾನ. ಅದು ಕಳ್ಳನ ಕೈ ಸೇರಿದರೆ ನಿಮ್ಮ ಆಫೀಸಿನ ಕಂಪ್ಯೂಟರ್‌ಗಳ ಮುಂದೆ ಅವನು ಬ್ಯಾಂಕಿನ ಸೈಟನ್ನೂ ಅಸಲಿ ಥರವೇ ತೋರಿಸಬಲ್ಲ. ಇದು ಬರೀ ಊಹೆಯಲ್ಲ. ಸರ್ಟಿಫಿಕೇಟ್ ಮಾರುವುದೇ ಕಸುಬಾಗಿದ್ದ ನೆದರ್‌ಲೆಂಡ್ಸ್‌ನ ಡಿಜಿನೋಟಾರ್‌ಗೆ 2011ರಲ್ಲಿ ಹ್ಯಾಕರ್‌ಗಳು ನುಗ್ಗಿ ಗೂಗಲ್ ಹೆಸರಿನಲ್ಲೇ ನಕಲಿ ಸರ್ಟಿಫಿಕೇಟ್ ಹೊರಡಿಸಿಕೊಂಡರು. ಅದೇ ವರ್ಷ ಆ ಕಂಪನಿ ದಿವಾಳಿಯಾಯಿತು. ಎಕ್ಸ್‌ಸಿಎ ಡೇಟಾಬೇಸನ್ನು ಪೆನ್‌ಡ್ರೈವ್‌ಗೆ ಹಾಕಿ ಬೀರುವಿನಲ್ಲಿಟ್ಟು, ಕಂಪ್ಯೂಟರ್‌ನಿಂದ ಅಳಿಸಿಬಿಡಿ. ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಕಾಪಿ ಇರಲಿ.

ಅವಧಿ ಮುಗಿಯುವ ತಾರೀಖನ್ನು ಆಫೀಸಿನ ಕ್ಯಾಲೆಂಡರ್‌ನಲ್ಲಿ ಒಂದು ತಿಂಗಳು ಮೊದಲೇ ಗುರುತು ಹಾಕಿಡಿ. ಆಗ ಹೊಸದಾಗಿ ಮಾಡಬೇಕಾದ್ದು ನ್ಯಾಸ್‌ನದ್ದು ಮಾತ್ರ. ರೂಟ್ ಅದೇ ಇರುವುದರಿಂದ ಉಳಿದ ಕಂಪ್ಯೂಟರ್‌ಗಳನ್ನು ಮುಟ್ಟುವ ಕೆಲಸವೇ ಇಲ್ಲ.